ಗುಂಡನ ಅಪ್ಪ

ಸಂಜೆ ಐದೂವರೆಯಿಂದ ಏಳರವರೆಗೆ ನನಗೆ ಸ್ವಂತ ಹೆಸರಿಲ್ಲ. ಬನಶಂಕರಿ ಕಡೆಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾನು ಗುಂಡನ ಅಪ್ಪ. ಮಗಳ ಗೆಳತಿಯರಿಗೆ ಪುಟ್ಟಿ ಅಪ್ಪ. ಮೂರು ವರ್ಷದಿಂದ ದಿನಾ ಎದುರಾಗುವ, ಮಕ್ಕಳ ಕೆಮ್ಮು ನೆಗಡಿಯಿಂದ ಹಿಡಿದು ಬಾಡಿಗೆ ಎಷ್ಟು ಏರಿತು ಅನ್ನುವವರೆಗೆ ಎಲ್ಲ ಮಾತಾಡಿ ಮುಗಿಸಿರುವ ಜನರ ಹೆಸರು ನನಗೂ ಗೊತ್ತಿಲ್ಲ. ನನ್ನ ಫೋನಿನಲ್ಲಿ ಅವರು ‘ಆದ್ಯಾ ಅಮ್ಮ ಪಾರ್ಕ್’, ‘ಟ್ವಿನ್ಸ್ ತಾತ’ ಎಂದು ಸೇವ್ ಆಗಿದ್ದಾರೆ. ಇಷ್ಟು ದಿನದ ಮೇಲೆ ಈಗ ಹೋಗಿ ‘ನಿಮ್ಮ ಹೆಸರೇನು ಸಾರ್’ ಅನ್ನುವುದಕ್ಕೆ ನಾಚಿಕೆ.

ಪಾರ್ಕ್ ಅಂದರೆ ಲಾಲ್‌ಬಾಗ್ ಅಂದುಕೊಳ್ಳಬೇಡಿ. ಒಂದು ಸುತ್ತು ಬಂದರೆ ಇನ್ನೂರು ಹೆಜ್ಜೆ. ನಾಲ್ಕು ಹೊಂಗೆ ಮರ, ಒಂದು ಆಕಾಶಮಲ್ಲಿಗೆ, ನೀರು ಚಿಮ್ಮುವುದನ್ನು ಯಾರೂ ನೋಡಿರದ ಒಂದು ಕಾರಂಜಿ. ಮೂಲೆಯಲ್ಲಿ ಮಕ್ಕಳ ಜಾಗ: ಪ್ಲಾಸ್ಟಿಕ್ಕಿನ ಜಾರುಬಂಡೆ, ಎರಡು ಜೋಕಾಲಿ, ಹಿಡಿಕೆ ಕಿತ್ತುಹೋದ ಸೀಸಾ, ಹತ್ತಿ ಇಳಿಯಲು ಕಬ್ಬಿಣದ ಕಂಬಿಗಳ ಗೂಡು. ಎರಡು ಜೋಕಾಲಿಗಳಲ್ಲಿ ಒಂದರ ಸರಪಳಿ ಕಳಚಿ ಎಂಟು ತಿಂಗಳಾಯಿತು. ಹೇಳಬೇಕಾದವರಿಗೆ ಹೇಳಿದ್ದೇವೆ. ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಫೋಟೋ ಚೆನ್ನಾಗಿ ಬಂದಿರಬೇಕು.

ಪಕ್ಕದಲ್ಲಿ ದೊಡ್ಡವರಿಗೆಂದು ಹಾಕಿದ ಓಪನ್ ಜಿಮ್ ಇದೆ. ಮಕ್ಕಳಿಗೆ ತಮ್ಮ ಸಾಮಾನಿಗಿಂತ ಅದೇ ಇಷ್ಟ. ಕಾಲು ಆಡಿಸುವ ಯಂತ್ರದ ಮೇಲೆ ನಾಲ್ಕು ಮಕ್ಕಳು ಬಸ್ಸು ಮಾಡಿಕೊಂಡು ಮೆಜೆಸ್ಟಿಕ್‌ಗೆ ಹೋಗುತ್ತಿರುತ್ತಾರೆ. ಕಂಡಕ್ಟರ್ ಯಾವಾಗಲೂ ಆದ್ಯಾ. ಚಿಲ್ಲರೆ ಕೊಡುವುದಿಲ್ಲ.

ಜಾರುಬಂಡೆ ಅನ್ನುವ ಮಾತನ್ನು ಗುಂಡ ಒಮ್ಮೆ ಬಿಡಿಸಿ ಕೇಳಿದ. ‘ಅಪ್ಪಾ, ಇದರಲ್ಲಿ ಬಂಡೆ ಎಲ್ಲಿದೆ?’ ನಾಲ್ಕು ವರ್ಷದವನ ಪ್ರಶ್ನೆ. ಮಧುಗಿರಿ ಕಡೆಯ ನಮ್ಮೂರಿನಲ್ಲಿ ಜಾರುಬಂಡೆ ಅಂದರೆ ನಿಜವಾಗಿಯೂ ಬಂಡೆಯೇ. ಊರ ಹಿಂದಿನ ಗುಡ್ಡದಲ್ಲಿ ಒಂದು ಓರೆಗಲ್ಲಿತ್ತು. ನಮ್ಮ ಅಪ್ಪ, ಅವರ ಅಪ್ಪ ಎಲ್ಲರೂ ಕುಂಡಿ ಸವೆಸಿ ನುಣುಪು ಮಾಡಿಟ್ಟಿದ್ದ ಕಲ್ಲು. ಬೆಳಿಗ್ಗೆ ಹೊತ್ತು ತಣ್ಣಗೆ, ಮಧ್ಯಾಹ್ನ ದೋಸೆ ಹೆಂಚು. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳುತ್ತಿರಲಿಲ್ಲ, ಹಿಂದೆ ತಿರುಗಿಸಿ ಚಡ್ಡಿ ನೋಡುತ್ತಿದ್ದಳು. ಎರಡು ತೇಪೆಯ ಮೇಲೆ ಮೂರನೆಯದು ಬಿದ್ದ ಚಡ್ಡಿಯಲ್ಲೇ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದು. ಇದನ್ನು ವಿವರಿಸುವುದಕ್ಕಿಂತ ತೋರಿಸಿಬಿಡೋಣ ಎಂದು ಒಂದು ಭಾನುವಾರ ಇಬ್ಬರನ್ನೂ ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋದೆ. ಕೆಂಪೇಗೌಡ ಗೋಪುರ ನಿಂತಿರುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ, ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದು ಎಂದೆಲ್ಲ ಹೇಳಿದೆ. ಗುಂಡ ಕೂತು ಜಾರಲು ನೋಡಿದ, ಹೋಗಲಿಲ್ಲ. ‘ಇದು ಕೆಟ್ಟೋಗಿದೆ ಅಪ್ಪಾ’ ಅಂದ.

ಪ್ಲಾಸ್ಟಿಕ್ಕಿನದು ಕೆಟ್ಟುಹೋಗುವುದಿಲ್ಲ, ಬೇರೆ ಗುಣ ಇದೆ. ಶಿವರಾತ್ರಿ ಹೊತ್ತಿನ ಒಣಹವೆಯಲ್ಲಿ ಜಾರಿ ಬಂದ ಮಕ್ಕಳ ತಲೆಗೂದಲು ಮುಳ್ಳುಹಂದಿಯಂತೆ ಎದ್ದು ನಿಂತಿರುತ್ತದೆ. ಹಾಗೆ ಬಂದವರು ನೇರ ಅಪ್ಪ ಅಮ್ಮನ ಹತ್ತಿರ ಓಡಿ ಬಂದು ಬೆರಳು ತಾಗಿಸುತ್ತಾರೆ. ಚಟ್ ಅಂತ ಶಾಕ್. ಬಟ್ಟೆ ಪ್ಲಾಸ್ಟಿಕ್ಕಿಗೆ ಉಜ್ಜಿ ಹುಟ್ಟಿದ ವಿದ್ಯುತ್ತು, ಮಳೆಗಾಲದ ತೇವದಲ್ಲಿ ನಿಲ್ಲುವುದಿಲ್ಲ. ಜೂನ್ ಬಂದರೆ ನಮಗೆ ನೆಮ್ಮದಿ.

ಜೂನ್ ಬಂದರೆ ಇನ್ನೊಂದು ಆಗುತ್ತದೆ. ಯಾವ ಪಾರ್ಕಿಗೆ ಬೇಕಾದರೂ ಹೋಗಿ ನೋಡಿ, ಜೋಕಾಲಿಯ ಕೆಳಗೆ ಮತ್ತು ಜಾರುಬಂಡೆ ಮುಗಿಯುವ ಕಡೆ ಒಂದೊಂದು ಗುಂಡಿ ಇರುತ್ತದೆ. ಯಾರೂ ತೋಡಿದ್ದಲ್ಲ. ನಿಲ್ಲಿಸಲೆಂದು ಎಳೆದ ಕಾಲುಗಳು, ಧೊಪ್ಪನೆ ಬಿದ್ದ ಕುಂಡಿಗಳು ಸೇರಿ ಮಾಡಿದ್ದು. ಐದು ಗಂಟೆಯ ಮಳೆ ನಿಂತ ಮೇಲೆ ಅವೆರಡೂ ತುಂಬಿರುತ್ತವೆ. ಆಮೇಲೆ ಜೋಕಾಲಿ ಯಾರಿಗೂ ಬೇಡ, ಸರತಿ ಸಾಲು ಗುಂಡಿಗೆ.

ಮಳೆಯಿಲ್ಲದ ದಿನ ಜಗಳವೆಲ್ಲ ಉಳಿದಿರುವ ಆ ಒಂದೇ ಜೋಕಾಲಿಯದು. ಇಪ್ಪತ್ತು ಎಣಿಸಿ ಇಳಿಯಬೇಕು ಅನ್ನುವುದು ಮಕ್ಕಳೇ ಮಾಡಿಕೊಂಡ ಕಾನೂನು. ಕಾನೂನಿನಲ್ಲಿ ಒಂದು ತೂತಿತ್ತು. ಕೂತವರು ಎಣಿಸಿದರೆ ‘ಒಂ...ದು, ಎರ...ಡು’. ಕಾಯುವವರು ಎಣಿಸಿದರೆ ‘ಒಂದೆರಡ್ಮೂರ್ನಾಕೈದು’. ಹದಿನಾಲ್ಕರ ಹೊತ್ತಿಗೆ ಒಬ್ಬರಾದರೂ ಅಳುತ್ತಿದ್ದರು. ಪುಟ್ಟಿ ಕನ್ನಡದಲ್ಲಿ ಎಣಿಸುತ್ತಾಳೆ, ಟ್ವಿನ್ಸ್ ಇಂಗ್ಲಿಷಿನಲ್ಲಿ, ಎದುರು ಮನೆಯ ಹುಡುಗ ತೆಲುಗಿನಲ್ಲಿ. ‘ಇವನು ಪದಿಹೇಡು ಬಿಟ್ಟು ಎಣಿಸ್ತಿದಾನೆ’ ಎಂದು ಮಗಳು ದೂರು ತಂದಾಗ ನನಗೆ ತಲೆನೋವಿಗಿಂತ ಹೆಮ್ಮೆಯಾಯಿತು. ಹದಿನೇಳಕ್ಕೆ ತೆಲುಗಿನಲ್ಲಿ ಏನನ್ನುತ್ತಾರೆ ಎಂದು ಜಗಳದಲ್ಲೇ ಕಲಿತಿದ್ದಾಳೆ.

ಈ ವ್ಯಾಜ್ಯ ಬಗೆಹರಿಸಿದ್ದು ಟ್ವಿನ್ಸ್ ತಾತ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಬೆಂಚಿನಿಂದ ಎದ್ದು ಬಂದು, ‘ಬಾಯಲ್ಲಿ ಎಣಿಸಬೇಡ್ರೋ, ಜೋಕಾಲಿಯೇ ಎಣಿಸಲಿ. ಹೋಗಿ ಬಂದರೆ ಒಂದು’ ಅಂದರು. ಮಕ್ಕಳು ಆಟಕ್ಕೆ ಮರಳಿದರು, ತಾತ ನನ್ನ ಕಡೆ ತಿರುಗಿದರು. ನಿವೃತ್ತ ಮೇಷ್ಟರಿಗೆ ವಿದ್ಯಾರ್ಥಿ ಬೇಕಲ್ಲ. ಲೋಲಕ ಒಂದು ಸಲ ಹೋಗಿ ಬರುವ ಕಾಲ ನೇತುಬಿದ್ದ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. ಸರಪಳಿ ಎರಡು ಮೀಟರ್ ಇದ್ದರೆ ಸುಮಾರು 2.8 ಸೆಕೆಂಡು. ನಮ್ಮ ಗುಂಡ ಕೂತರೂ ಅಷ್ಟೇ, ಅವನಿಗಿಂತ ಮೂರು ಪಟ್ಟು ತೂಗುವವರು ಕೂತರೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತು ಸಲಕ್ಕೆ ಒಂದು ನಿಮಿಷಕ್ಕೆ ಮೂರು ಸೆಕೆಂಡು ಕಡಿಮೆ. ಜೋರಾಗಿ ತೂಗಿದರೂ ಹೆಚ್ಚೇನೂ ಬದಲಾಗದು, ದೂರ ಜಾಸ್ತಿಯಾದಷ್ಟೂ ವೇಗವೂ ಜಾಸ್ತಿ. ಗೆಲಿಲಿಯೋ ತಲೆ ಕೆಡಿಸಿಕೊಂಡ ವಿಷಯ ಇದು ಎಂದರು ತಾತ. ‘ಮೂವತ್ತು ವರ್ಷ ದಾರಕ್ಕೆ ಗುಂಡು ಕಟ್ಟಿ ತೋರಿಸಿದೆ. ಒಬ್ಬನೂ ನಂಬಲಿಲ್ಲ, ಬಾಯಿಪಾಠ ಮಾಡಿದರು. ಇವತ್ತು ನೋಡಿ.’

ಮಕ್ಕಳು ಒಂದೇ ವಾರದಲ್ಲಿ ಮೇಷ್ಟರನ್ನೂ ಮೀರಿಸಿದರು. ನಿಂತು ಜೀಕಿದರೆ ಇಪ್ಪತ್ತು ಬೇಗ ಮುಗಿದುಹೋಗುತ್ತದೆ ಎಂದು ಪುಟ್ಟಿ ಕಂಡುಹಿಡಿದಳು. ಎದ್ದು ನಿಂತರೆ ಮೈಯ ಭಾರ ಮೇಲಕ್ಕೇರಿ ಲೋಲಕದ ಉದ್ದ ಕಡಿಮೆಯಾದಂತಾಗುತ್ತದೆ, ಸರಿಯೇ. ಅವಳಿಗೆ ಆ ವಿವರ ಬೇಕಿರಲಿಲ್ಲ. ಅಂದಿನಿಂದ ಅವಳು ಕೂತೇ ಆಡುತ್ತಾಳೆ, ಬೇರೆಯವರಿಗೆ ‘ನಿಂತ್ಕೋ, ಮಜಾ ಇರುತ್ತೆ’ ಅನ್ನುತ್ತಾಳೆ. ಯಾರ ಮಗಳೋ.

ಕಂಬಿ ಗೂಡಿನ ಕಥೆಯೂ ಲೆಕ್ಕದ್ದೇ. ಇದನ್ನು ತಾತನಿಗೆ ಹೇಳಿ ನಾನು ಸೇಡು ತೀರಿಸಿಕೊಂಡೆ. ಚಾರ್ಲ್ಸ್ ಹಿಂಟನ್ ಎಂಬ ಗಣಿತಜ್ಞ, ನಾಲ್ಕನೇ ಆಯಾಮದ ಹುಚ್ಚು ಹತ್ತಿಸಿಕೊಂಡವನು, ಜಪಾನಿನಲ್ಲಿದ್ದಾಗ ತನ್ನ ಮಕ್ಕಳಿಗಾಗಿ ಬಿದಿರಿನ ಗಳಗಳಿಂದ ಚೌಕಚೌಕದ ಒಂದು ಗೂಡು ಕಟ್ಟಿದ. ಉದ್ದ, ಅಗಲ, ಎತ್ತರದ ಮೂರು ಅಂಕಿ ಕೂಗಿದರೆ ಮಕ್ಕಳು ಹತ್ತಿ ಸರಿಯಾಗಿ ಆ ಬಿಂದುವಿಗೆ ಹೋಗಿ ಕೂರಬೇಕು. ಮೂರು ಆಯಾಮ ಮೈಗೆ ಹತ್ತಿದರೆ ನಾಲ್ಕನೆಯದು ತಲೆಗೆ ಹತ್ತೀತು ಎಂದು ಅವನ ಆಸೆ. ಆ ಮಕ್ಕಳಲ್ಲೊಬ್ಬ, ಸೆಬಾಸ್ಟಿಯನ್, ಬೆಳೆದು ಅಮೆರಿಕದ ಶಿಕಾಗೊ ಪಕ್ಕದ ವಿನೆಟ್ಕಾದಲ್ಲಿ ಪೇಟೆಂಟ್ ವಕೀಲನಾದ. 1920ರ ದಶಕದ ಮೊದಲಲ್ಲಿ ಅದೇ ಗೂಡನ್ನು ಕೊಳವೆಗಳಲ್ಲಿ ಮಾಡಿಸಿ ‘ಜಂಗಲ್ ಜಿಮ್’ ಎಂದು ಪೇಟೆಂಟ್ ತೆಗೆದುಕೊಂಡ. ಅಪ್ಪನ ಅಂಕಿಗಳನ್ನು ಬಿಟ್ಟ, ಕೋತಿಯಾಟವನ್ನು ಉಳಿಸಿಕೊಂಡ. ನಮ್ಮ ಪಾರ್ಕಿನ ಗೂಡಿನ ತುದಿಯಲ್ಲಿ ಈಗ ತಲೆಕೆಳಗಾಗಿ ನೇತಾಡುವ ಮಕ್ಕಳೆಲ್ಲ ಆ ಬಿದಿರಿನ ವಂಶದವರು.

ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಅದು ಹುಟ್ಟಿರುವುದು ಇಂಥ ಜಾಗದಲ್ಲೇ. ರಾಜಕೀಯದವರೂ ಆಫೀಸಿನವರೂ ಬೈಗುಳ ಮಾಡಿಕೊಂಡಿದ್ದಾರೆ ಅಷ್ಟೇ. ದೊಡ್ಡ ಮಕ್ಕಳ ನಡುವೆ ಒಂದು ಚಿಕ್ಕದು ನುಗ್ಗಿ ‘ನಾನೂ ಬರ್ತೀನಿ’ ಎಂದು ಹಟ ಹಿಡಿದಾಗ, ಆಟ ಕೆಡಬಾರದು, ಮಗು ಅಳಬಾರದು, ಅದರಮ್ಮ ಬಂದು ಬೈಯಬಾರದು, ಮೂರಕ್ಕೂ ಒಂದೇ ಮದ್ದು. ಓಡಲಿ. ಮುಟ್ಟಿದರೂ ಔಟಿಲ್ಲ. ಕಳ್ಳನಾಗುವ ಸರದಿ ಅದಕ್ಕೆ ಬರುವುದೇ ಇಲ್ಲ. ಮಗುವಿಗೆ ಇದು ಗೊತ್ತಿರುವುದಿಲ್ಲ. ತನ್ನನ್ನು ಯಾರ ಕೈಲೂ ಹಿಡಿಯಲಾಗಲಿಲ್ಲ ಎಂದುಕೊಂಡು ಮನೆಗೆ ಹೋಗುತ್ತದೆ. ಕಳೆದ ಒಂದು ವರ್ಷ ಗುಂಡ ಪ್ರತಿ ಸಂಜೆ ಗೆದ್ದು ಬರುತ್ತಿದ್ದ.

ನಾನೂ ಅಲ್ಲಿ ಅದೇ ಜಾತಿ ಎಂದು ನನಗೆ ಹೊಳೆದದ್ದು ತಡವಾಗಿ. ನೀರಿನ ಬಾಟಲಿ, ಬಿಚ್ಚಿಟ್ಟ ಸ್ವೆಟರ್, ಯಾರದೋ ಒಂದು ಚಪ್ಪಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತೇನೆ. ‘ಅಪ್ಪಾ ನೋಡು, ಅಪ್ಪಾ ನೋಡು’ ಅಂದಾಗ ನೋಡಬೇಕು. ನೋಡದೇ ‘ಸೂಪರ್ ಮಗಾ’ ಅಂದರೆ ಗೊತ್ತಾಗಿಬಿಡುತ್ತದೆ. ಮೊದಲ ವರ್ಷ ಫೋನ್ ತೆಗೆದು ಆಫೀಸಿನ ಮೇಲ್ ನೋಡುತ್ತಿದ್ದೆ. ಎರಡನೇ ವರ್ಷ ಫೋನ್ ತೆಗೆದು ಅವರನ್ನೇ ವಿಡಿಯೋ ಮಾಡುತ್ತಿದ್ದೆ. ಈಗ ಸುಮ್ಮನೆ ಕೂರುತ್ತೇನೆ. ಇದರಲ್ಲಿ ದೊಡ್ಡತನ ಏನಿಲ್ಲ, ಫೋನಿನ ಸ್ಟೋರೇಜ್ ತುಂಬಿದೆ.

ಹೋದ ಶ್ರಾವಣದಲ್ಲಿ ಗದಗದಿಂದ ಅತ್ತೆ ಬಂದಿದ್ದರು. ನಾಗರಪಂಚಮಿ ಸಂಜೆ, ಶೇಂಗಾ ಉಂಡಿ ಕಟ್ಟಿ ಮುಗಿಸಿ, ಮಕ್ಕಳ ಜೊತೆ ಅವರೂ ಪಾರ್ಕಿಗೆ ಹೊರಟರು. ಜೋಕಾಲಿ ಕಂಡದ್ದೇ ನಿಂತುಬಿಟ್ಟರು.

‘ಏನ್ರಿ ಇದು, ಪಂಚಮಿ ದಿನ ಜೋಕಾಲಿ ಇದ್ದೂ ಹೆಣಮಕ್ಕಳು ಒಬ್ಬರೂ ಆಡವಲ್ರು?’

ಅವರ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರುವುದು, ಉಂಡಿ ತಿನ್ನುವುದು, ಬೇವಿನ ಮರಕ್ಕೋ ಆಲದ ಮರಕ್ಕೋ ಹಗ್ಗ ಬಿಗಿದು ಜೋಕಾಲಿ ಆಡುವುದು. ಇಬ್ಬರು ಎದುರುಬದುರು ನಿಂತು ಜೀಕಿದರೆ ಕಾಲು ಮೇಲಿನ ಟೊಂಗೆಗೆ ತಾಗಬೇಕಂತೆ. ಬೆಂಗಳೂರಿಗೆ ಮಗಳ ಮನೆಗೆ ಬಂದು ಹಬ್ಬ ತಪ್ಪಿಸಿಕೊಂಡೆ ಎಂದು ಅವರಿಗೆ ಬೆಳಿಗ್ಗೆಯಿಂದಲೂ ಒಳಗೊಳಗೇ ಇತ್ತು ಅಂತ ಕಾಣುತ್ತದೆ.

ನಾನು ಬೋರ್ಡ್ ತೋರಿಸಿದೆ. ‘ಅತ್ತೆ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಅಂತ ಬರೆದಿದಾರೆ.’

‘ನನ್ನ ಚಾಳೀಸು ಮನ್ಯಾಗ ಐತ್ರಿ. ನನಗೇನೂ ಕಾಣಂಗಿಲ್ಲ.’

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು. ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು. ನಾನು ವಾಚ್‌ಮನ್ ತಾತನ ಮುಖ ನೋಡಿದೆ. ಅವರು ಸೀಟಿ ಬಾಯಿಗಿಟ್ಟುಕೊಂಡು ಹೊಂಗೆ ಮರದ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದಿದ್ದರೂ, ಯಾರನ್ನೋ ಗದರಿಸತೊಡಗಿದರು. ಅತ್ತೆ ಮೊದಲು ಮೆಲ್ಲಗೆ, ಆಮೇಲೆ ಕಾಲು ಚಾಚಿ ಮಡಚಿ, ಜೀಕು ಹೊಡೆಯುತ್ತ ಹೋದರು. ಉಳಿದಿರುವ ಒಂದು ಸರಪಳಿಯೂ ಹೋದರೆ ಬಡಾವಣೆಗೆ ಏನು ಉತ್ತರ ಹೇಳುವುದು ಎಂದು ನನ್ನ ಚಿಂತೆ. ಅವರ ಕಾಲಿಗೆ ಯಾವ ಟೊಂಗೆಯೂ ಸಿಗಲಿಲ್ಲ, ಪಾರ್ಕಿನವರು ಜೋಕಾಲಿಯ ಮೇಲಿನ ಕೊಂಬೆಯನ್ನೆಲ್ಲ ಕಡಿಸಿದ್ದಾರೆ. ವಾಕಿಂಗಿನವರು ನಡಿಗೆ ನಿಧಾನ ಮಾಡಿದರು. ಆದ್ಯಾ ಅಮ್ಮ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತರು.

‘ಅಜ್ಜಿ, ಇಪ್ಪತ್ತಾಯ್ತು. ಇಳಿ’ ಅಂದ ಗುಂಡ.

ಇಳಿದರು. ಕಾನೂನು ಕಾನೂನೇ.

ಅದೇ ಬೋರ್ಡು ಇನ್ನೊಂದು ಸಲ ಉಪಯೋಗಕ್ಕೆ ಬಂತು. ಹಿಂದಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿತ್ತು, ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ಕೂಲಿಯವರಿದ್ದರು. ಎಂಟು ವರ್ಷದ ಒಂದು ಹುಡುಗಿ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಒಂದು ದಿನ ಒಳಗೆ ಬಂದಳು. ಮೂರನೆಯ ದಿನ ವಾಕಿಂಗ್ ಬರುವ ಮೇಡಂ ಒಬ್ಬರು ವಾಚ್‌ಮನ್ ತಾತನನ್ನು ಕರೆದು, ‘ಇವರನ್ನೆಲ್ಲ ಯಾಕ್ರೀ ಒಳಗೆ ಬಿಡ್ತೀರಾ?’ ಅಂದರು. ತಾತ ಬೋರ್ಡಿಗೆ ಕೈ ತೋರಿಸಿದರು. ‘ಹನ್ನೆರಡು ವರ್ಷದೊಳಗೆ ಅಂತೈತೆ ಮೇಡಮ್ಮೋರೆ. ಮಗೀಗೆ ಎಂಟು. ಸೊಂಟದ ಮೇಲಿರೋದಕ್ಕೆ ಇನ್ನೂ ಒಂದು ತುಂಬಿಲ್ಲ.’ ಬೆಂಚಿನ ಮೇಲೆ ನಾವು ನಾಲ್ಕು ಜನ ಅಪ್ಪ ಅಮ್ಮಂದಿರು ಕೂತಿದ್ದೆವು. ಅತ್ತೆಯ ಜೋಕಾಲಿ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವ ನಾನು ಆ ಹೊತ್ತು ಬಾಯಿ ಬಿಡಲಿಲ್ಲ. ಗುಂಡನ ಶೂ ಲೇಸು ಕಟ್ಟುತ್ತಿದ್ದೆ. ಬಿಚ್ಚಿರದ ಲೇಸು.

ಆ ಹುಡುಗಿ ಇಟ್ಟಿಗೆ ಚೂರಿನಲ್ಲಿ ವಾಕಿಂಗ್ ದಾರಿಯ ಮೇಲೆ ಕುಂಟೆಬಿಲ್ಲೆಯ ಮನೆ ಬರೆದಳು. ತಮ್ಮನನ್ನು ಎತ್ತಿಕೊಂಡೇ ಒಂಟಿ ಕಾಲಿನಲ್ಲಿ ಎಂಟೂ ಮನೆ ದಾಟಿದಳು. ಗೆರೆ ತುಳಿದರೆ ಅವಳು ‘ಔಟಾತ್’ ಅನ್ನುತ್ತಿದ್ದಳು. ಕಟ್ಟಡ ಮುಗಿಯಿತು, ಶೆಡ್ಡು ಬಿಚ್ಚಿದರು, ಅವರು ಹೋದರು. ನಮ್ಮ ಪಾರ್ಕಿನ ಮಕ್ಕಳು, ಆ ಇಂಗ್ಲಿಷ್ ಟ್ವಿನ್ಸ್ ಸಮೇತ, ಈಗಲೂ ‘ಔಟಾತ್’ ಅನ್ನುತ್ತಾರೆ. ‘ಔಟಾಯ್ತು’ ಅನ್ನು ಎಂದು ನಮ್ಮಮ್ಮ ಒಮ್ಮೆ ತಿದ್ದಿದಾಗ ಗುಂಡ ಅವಳನ್ನೇ ವಿಚಿತ್ರವಾಗಿ ನೋಡಿದ.

ಪಾರ್ಕಿನಲ್ಲಿ ಲೆಕ್ಕ ಹಾಕುವ ದೊಡ್ಡವರೂ ಇದ್ದಾರೆ. ಒಂದು ಸಂಜೆ ಇಬ್ಬರು ಸುತ್ತು ಹೊಡೆಯುತ್ತ ನನ್ನ ಬೆಂಚಿನ ಮುಂದೆ ಬಂದಾಗ, ‘ಹತ್ತು 30-40 ಸೈಟ್ ಆರಾಮಾಗಿ ಬೀಳತ್ತೆ’ ಎಂಬಷ್ಟು ಕೇಳಿಸಿತು. ಮುಂದಿನ ಸುತ್ತಿಗೆ ಬೆಲೆ ಕೇಳಿಸಿತು. ಮೂರನೇ ಸುತ್ತಿಗೆ ಟ್ವಿನ್ಸ್ ತಾತ ತಡೆದು ನಿಲ್ಲಿಸಿ ಒಂದು ಕಥೆ ಹೇಳಿದರು. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟ ಕಥೆ ಅದು. ಆಸ್ಪತ್ರೆಯೂ ಜನರಿಗೇ ತಾನೇ, ಇದನ್ನು ಕೇಳಲು ಅಕ್ಕಪಕ್ಕದ ಮನೆಯವರು ಯಾರು ಎಂಬ ವಾದ. ಬಿ.ಎಸ್. ಮುದ್ದಪ್ಪ ಮತ್ತು ಅಲ್ಲಿನ ನಿವಾಸಿಗಳು ಬಿಡಲಿಲ್ಲ. ಹೈಕೋರ್ಟಿನಲ್ಲಿ ಮೊದಲು ಸೋತು ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟೂ ಅವರ ಕಡೆಯೇ ನಿಂತಿತು: ಪಾರ್ಕಿನ ಜಾಗ ಪಾರ್ಕಿಗೇ, ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ. ಅದಕ್ಕೂ ಮೊದಲು, 1985ರಲ್ಲೇ, ಉದ್ಯಾನ, ಆಟದ ಬಯಲುಗಳನ್ನು ಕಾಯಲೆಂದು ರಾಜ್ಯದಲ್ಲಿ ಪ್ರತ್ಯೇಕ ಕಾಯಿದೆ ಆಗಿದೆ. ತಾತ ಇಸವಿಗಳನ್ನು ಬೆರಳು ಮಡಚಿ ಹೇಳುತ್ತಿದ್ದರು. ‘ಅಯ್ಯೋ, ಸುಮ್ಮನೆ ಮಾತಿಗೆ ಅಂದ್ವಿ ಸಾರ್’ ಎಂದು ಆ ಇಬ್ಬರು ನಾಲ್ಕನೇ ಸುತ್ತಿಗೆ ಹೊರಟರು. ಆಮೇಲೆ ಅವರು ನಮ್ಮ ಬೆಂಚಿನ ಹತ್ತಿರ ಬಂದಾಗಲೆಲ್ಲ ಕ್ರಿಕೆಟ್ ಮಾತಾಡುತ್ತಾರೆ.

ಕಳೆದ ತಿಂಗಳು, ಒಂದು ಗುರುವಾರ. ಜೂಟಾಟ ನಡೆದಿತ್ತು. ಗುಂಡ ಎಂದಿನಂತೆ ಎಲ್ಲರ ಕಾಲಡಿಯಲ್ಲಿ ಸಿಕ್ಕಾಪಟ್ಟೆ ಓಡುತ್ತಿದ್ದ. ಟ್ವಿನ್ಸ್‌ನಲ್ಲಿ ಒಬ್ಬಳು ಅವನ ಬೆನ್ನಿಗೆ ಒಂದು ಕೊಟ್ಟು ‘ಜೂಟ್!’ ಅಂದಳು. ಅವನು ನಿಲ್ಲಲಿಲ್ಲ. ನಿಲ್ಲುವ ಅಭ್ಯಾಸವೇ ಇಲ್ಲವಲ್ಲ.

‘ಏಯ್ ಗುಂಡ, ನೀನು ಔಟಾತ್. ನೀನೇ ಕಳ್ಳ ಈಗ.’

‘ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣೇ’ ಎಂದಳು ಪುಟ್ಟಿ, ಮಾಮೂಲಿನಂತೆ.

‘ಅವನು ಈಗ ಜೋರಾಗಿ ಓಡ್ತಾನೆ. ಇವತ್ತಿಂದ ಲೆಕ್ಕಕ್ಕುಂಟು.’

ಅಲ್ಲೇ ನಿಂತು ಸಣ್ಣದೊಂದು ಸಭೆ ಆಯಿತು. ಕೈ ಎತ್ತಿಸಿದರು. ಪುಟ್ಟಿಯೂ, ತುಸು ಯೋಚಿಸಿ, ಎತ್ತಿದಳು. ಗುಂಡ ನಡುವೆ ನಿಂತು ಎಲ್ಲರ ಮುಖ ನೋಡುತ್ತಿದ್ದ. ಇಷ್ಟು ದಿನ ತಾನು ಗೆದ್ದದ್ದೆಲ್ಲ ಏನು ಎಂದು ಅವನಿಗೆ ಆ ಕ್ಷಣ ಅರ್ಥವಾಯಿತೋ, ಒಂದು ಸಲ ಸೋತದ್ದಷ್ಟೇ ಅರ್ಥವಾಯಿತೋ ನನಗೆ ತಿಳಿಯಲಿಲ್ಲ. ಕೆಳತುಟಿ ಹೊರಗೆ ಬಂತು. ಆ ತುಟಿಯ ಮುಂದಿನ ಸದ್ದು ಏನೆಂದು ಗೊತ್ತಿರುವ ನಾನು ಬಾಟಲಿ ಬೆಂಚಿನ ಮೇಲಿಟ್ಟು ಎದ್ದೆ.

ಪುಟ್ಟಿ ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದಳು. ‘ಅಪ್ಪಾ, ನೀನು ಬರಬೇಡ. ಆಟ ನಡೀತಿದೆ.’

ಕೂತೆ. ಬಾಟಲಿ ಮತ್ತೆ ತೊಡೆಯ ಮೇಲೆ ಬಂತು.

ಗುಂಡ ಕಂಬಕ್ಕೆ ಮುಖ ಒತ್ತಿ, ಕಣ್ಣು ಮುಚ್ಚಿ, ಎಣಿಸತೊಡಗಿದ. ಒಂದು, ಎರಡು, ಮೂರು... ಏಳಾದ ಮೇಲೆ ಒಂಬತ್ತಕ್ಕೆ ಹಾರಿದ. ಯಾರೂ ತಿದ್ದಲಿಲ್ಲ, ಎಲ್ಲರೂ ಓಡಿಹೋಗಿದ್ದರು.